ಅಂಗಳದ ಸರಕು, ಉಗ್ರಾಣದ ಸರಕು



ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಹಿಂದಿನ ವರ್ಷ ಮಹಾಸಭೆಗೆ ಮುಂಚೆ ಡಿವಿಡೆಂಡ್ ಪಟ್ಟಿಯನ್ನು ಸಂಘದ ಜಾಲತಾಣಕ್ಕೆ ಏರಿಸಿದೆವು. ಸದಸ್ಯರು ಕಚೇರಿಗೆ ಅಲೆಯುವುದು ತಪ್ಪಲಿ ಎಂಬುದಷ್ಟೇ ಉದ್ದೇಶ. ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲಿ ಊರು, ಷೇರಿನ ಮೊಬಲಗು, ಬ್ಯಾಂಕ್ ಖಾತೆ ಸಂಖ್ಯೆ, ಫೋನ್ ನಂಬರು ಎಲ್ಲವೂ ಇದ್ದವು. ಸಭೆ ಮುಗಿದ ಮೇಲೆ ಮುಖಪುಟದಲ್ಲಿದ್ದ ಕೊಂಡಿಯನ್ನು ತೆಗೆಸಿ, ಪಟ್ಟಿಯೂ ಹೋಯಿತೆಂದು ತಿಳಿದೆವು. ಕೆಲವು ತಿಂಗಳ ನಂತರ ಕನಕಪುರ ಕಡೆಯ ಸದಸ್ಯರೊಬ್ಬರ ಮಗಳು ತಂದೆಯ ಹೆಸರನ್ನು ಫೋನಿನಲ್ಲಿ ಹುಡುಕಿದಾಗ ಅದೇ ಪಟ್ಟಿ ತೆರೆದುಕೊಂಡಿತು. "ಸಾರ್, ನಮ್ಮಪ್ಪನ ಖಾತೆ ನಂಬರು ಊರೋರಿಗೆಲ್ಲ ಕಾಣೋ ಹಂಗೆ ಯಾಕಿಟ್ಟಿದ್ದೀರಿ?" ಎಂದು ಆ ಹುಡುಗಿ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ತಪ್ಪು ಎಲ್ಲಿ ಆಯಿತೆಂಬುದನ್ನು ತೋಟದ ಮಾತಿನಲ್ಲಿಯೇ ಹೇಳಬಹುದು. ಅಡಿಕೆಯನ್ನು ಅಂಗಳದಲ್ಲಿ ಹರಡುತ್ತೇವೆ, ಒಣಗಿದ ಮೇಲೆ ಉಗ್ರಾಣಕ್ಕೆ ಸೇರಿಸಿ ಬೀಗ ಹಾಕುತ್ತೇವೆ. ಜಾಲತಾಣಕ್ಕೂ ಒಂದು ಅಂಗಳ ಇದೆ. ಆ ಅಂಗಳದಲ್ಲಿಟ್ಟ ಕಡತವನ್ನು, ವಿಳಾಸ ತಿಳಿದವರು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕೊಂಡಿ ಎಂಬುದು ಅಲ್ಲಿಗೆ ದಾರಿ ತೋರುವ ಹಲಗೆ ಮಾತ್ರ. ಹಲಗೆ ಕಿತ್ತರೆ ಸರಕು ಒಳಗೆ ಸೇರಿದಂತಾಗುವುದಿಲ್ಲ. ಗೂಗಲ್‌ನಂತಹ ಹುಡುಕುಯಂತ್ರ ಒಮ್ಮೆ ಆ ದಾರಿ ಕಂಡುಕೊಂಡಿತೆಂದರೆ, ಹಲಗೆ ಇಲ್ಲದಿದ್ದರೂ ಜನರನ್ನು ಅಲ್ಲಿಗೆ ಕರೆತರುತ್ತದೆ. ಕಡತದ ಹೆಸರನ್ನು ಯಾರೂ ಊಹಿಸಲಾರರೆಂದು ನಂಬಿ ಕೂರುವುದು, ಬೀಗದ ಕೈಯನ್ನು ಹೊಸ್ತಿಲ ಬಳಿ ಇಟ್ಟು ಊರಿಗೆ ಹೋದ ಹಾಗೆ.

"ನಮ್ಮ ಕಾಗದ ಯಾರಿಗೆ ಬೇಕು?" ಎಂದು ಹಲವರು ಕೇಳುತ್ತಾರೆ. ಅವರಿಗೆ 2023ರ ಒಂದು ಪ್ರಕರಣವನ್ನು ನೆನಪಿಸುತ್ತೇವೆ. ಆ ವರ್ಷ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಯಿಂದ, ಅವರಿಗೆ ಒಂದು ಓಟಿಪಿಯೂ ಬಾರದೆ, ಹಣ ಮಾಯವಾಯಿತು. ಮಂಗಳೂರು ಪೊಲೀಸರು ಬಿಹಾರದ ಕೆಲವರನ್ನು ಬಂಧಿಸಿದರು. ಆರೋಪಿಗಳು ಕಾವೇರಿ ನೋಂದಣಿ ಜಾಲತಾಣದಿಂದ ಕ್ರಯಪತ್ರಗಳ ಪ್ರತಿಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಬಳಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಎತ್ತಿದರೆಂದು ಪೊಲೀಸರು ತಿಳಿಸಿದರು. ರಾಮನಗರದಲ್ಲಾಗಲಿ ಮಾಗಡಿಯಲ್ಲಾಗಲಿ ಜಮೀನು ಕೊಂಡ ಪ್ರತಿಯೊಬ್ಬ ಬೆಳೆಗಾರನ ಬಳಿಯೂ ಅಂತಹುದೇ ಪತ್ರವಿದೆ. ಸಾಲದ ಅರ್ಜಿಯೊಡನೆ ಅದರ ನಕಲನ್ನು ನಮ್ಮಂತಹ ಸಂಘಗಳಿಗೇ ಕೊಟ್ಟಿರುತ್ತಾನೆ. ಸರ್ಕಾರದ ದೊಡ್ಡ ಜಾಲತಾಣದ ಕಾಗದಗಳೇ ಕಳ್ಳರ ಕೈಗೆ ಸಿಕ್ಕಿರುವಾಗ, ಪರಿಚಯದ ಹುಡುಗನೊಬ್ಬ ರಜೆಯಲ್ಲಿ ಮಾಡಿಕೊಟ್ಟ ನಮ್ಮ ಪುಟ್ಟ ತಾಣದ ಪಾಡೇನು?

ಇದು ಸಂಘಗಳಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಹುರಿದ ಕಾಫಿ ಪುಡಿಯನ್ನೋ ಅಡಿಕೆಯನ್ನೋ ಸ್ವಂತ ಜಾಲತಾಣದಲ್ಲಿ ಮಾರುವ ಬೆಳೆಗಾರರೂ ಗ್ರಾಹಕರ ಬಿಲ್ಲು, ವಿಳಾಸಗಳನ್ನು ಅಲ್ಲಿಯೇ ಇಟ್ಟಿರುತ್ತಾರೆ. ಚನ್ನಪಟ್ಟಣದ ಗೊಂಬೆ ತಯಾರಕರನ್ನೇ ನೋಡಿ. ಅಲ್ಲಿನ ಗೊಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಆದರೆ ಆ ಮಾನ್ಯತೆ ಕಾಯುವುದು ಚನ್ನಪಟ್ಟಣದ ಹೆಸರನ್ನು. ಒಬ್ಬ ಕುಶಲಕರ್ಮಿ ಹೊಸ ಗೊಂಬೆಯ ಅಳತೆಯ ನಕ್ಷೆಯನ್ನು ತೆರೆದ ಅಂಗಳದಲ್ಲಿಟ್ಟರೆ, ಅದನ್ನು ಇಳಿಸಿಕೊಳ್ಳುವ ಕೈಯನ್ನು ಆ ಮಾನ್ಯತೆ ತಡೆಯಲಾರದು. ಚಿತ್ರ ಅಂಗಳದಲ್ಲಿರಲಿ, ನಕ್ಷೆ ಉಗ್ರಾಣದಲ್ಲಿರಲಿ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಸರಕನ್ನು ವಿಂಗಡಿಸುವುದು. ಧಾರಣೆ ಪಟ್ಟಿ, ಅರ್ಜಿ ನಮೂನೆ, ಬೋರ್ಡೋ ದ್ರಾವಣ ತಯಾರಿಸುವ ಕ್ರಮ, ಆಡಿಟ್ ವರದಿ ಇವು ಎಲ್ಲರಿಗೂ ಸಿಗಲಿ. ಸದಸ್ಯರ ಹೆಸರು ಹೊತ್ತ ಪ್ರತಿಯೊಂದು ಕಾಗದವೂ ತಾಣದ ಬಹಿರಂಗ ಕೋಶದಿಂದ ಹೊರಗಿರಬೇಕು. ಸದಸ್ಯ ತನ್ನ ಗುರುತು ಹೇಳಿ ಒಳಬಂದ ಮೇಲೆ, ಅವನ ಕಾಗದವನ್ನು ಅವನಿಗೊಬ್ಬನಿಗೇ ತಂತ್ರಾಂಶ ತಂದುಕೊಡಬೇಕು. ಇಲ್ಲೊಂದು ಮೋಸದ ಜಾಗವಿದೆ. ವಿಳಾಸದ ಕೊನೆಯಲ್ಲಿ 101 ಎಂದಿರುವಲ್ಲಿ 102 ಎಂದು ತಿದ್ದಿದರೆ ಪಕ್ಕದ ತೋಟದವರ ಲೆಕ್ಕ ತೆರೆದುಕೊಳ್ಳುವ ತಾಣಗಳಿವೆ. ನಿಮ್ಮ ತಾಣ ಮಾಡಿಕೊಟ್ಟವರ ಎದುರಿಗೇ ಇದನ್ನು ಪರೀಕ್ಷಿಸಿ ನೋಡಿ.

ಎರಡನೆಯದು, ಬೇಡವಾದುದನ್ನು ಇಡದಿರುವುದು. ಆಧಾರ್ ಪ್ರತಿ ಬೇಕೇಬೇಕಾದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನು ಪಡೆಯಬಹುದು. ಆಧಾರ್ ಪ್ರಾಧಿಕಾರವೇ ಅದನ್ನು ಒದಗಿಸುತ್ತದೆ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವನ್ನೂ ಅದೇ ಪ್ರಾಧಿಕಾರ ಕೊಟ್ಟಿದೆ. ಸದಸ್ಯರೆಲ್ಲರೂ ಅದನ್ನು ಉಪಯೋಗಿಸಿಕೊಳ್ಳಬೇಕು.

ಮೂರನೆಯದು, ನಕಲು. ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ಕಳ್ಳ ತಂತ್ರಾಂಶಗಳ ಕಾಲವಿದು. ಮುಖ್ಯ ಕಡತಗಳು 3 ಪ್ರತಿಯಲ್ಲಿರಲಿ. ಒಂದಂತೂ ಅಂತರ್ಜಾಲದ ಸಂಪರ್ಕವಿಲ್ಲದೆ ಬೇರೆ ಕಟ್ಟಡದಲ್ಲಿರಲಿ. ವರ್ಷಕ್ಕೊಮ್ಮೆ ಆ ನಕಲನ್ನು ತೆರೆದು ನೋಡಬೇಕು. ಮೊಳೆಯದ ಬಿತ್ತನೆಯನ್ನು ಕಾಪಾಡಿಟ್ಟು ಫಲವೇನು?

ನಾಲ್ಕನೆಯದು, ಬೀಗದ ಕೈ. ತಾಣ ಮಾಡಿದ ಹುಡುಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟಾಗ ಪಾಸ್‌ವರ್ಡೂ ಅವನೊಡನೆಯೇ ಬಸ್ಸು ಹತ್ತಬಾರದು. ಅದು ಸಂಘದ ಸೊತ್ತು. ಕಾರ್ಯದರ್ಶಿ ಬದಲಾದ ದಿನವೇ ಪಾಸ್‌ವರ್ಡೂ ಬದಲಾಗಬೇಕು.

ಇದಕ್ಕೆಲ್ಲ ಖರ್ಚು ಎಲ್ಲಿಂದ ತರುವುದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಮೇಲೆ ಹೇಳಿದುದರಲ್ಲಿ ಹೆಚ್ಚಿನದಕ್ಕೆ ಬೇಕಾದುದು ಹಣವಲ್ಲ, ಗಮನ. ಕಾನೂನೂ ಇನ್ನು ಸುಮ್ಮನಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿವೆ. ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶವಿದೆ. ತಕ್ಕ ರಕ್ಷಣೆ ಒದಗಿಸದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಅಷ್ಟು ದಂಡ ನಮ್ಮಂಥವರಿಗೆ ಬೀಳಲಾರದು ಎನ್ನೋಣ. ಆದರೂ ಸದಸ್ಯರ ವಿಶ್ವಾಸ ಒಮ್ಮೆ ಹೋದರೆ ಯಾವ ಠೇವಣಿಯಿಂದಲೂ ಅದನ್ನು ತುಂಬಲಾಗದು.

ಪಾರದರ್ಶಕತೆ ಸಹಕಾರದ ಉಸಿರು, ಎಲ್ಲವೂ ತೆರೆದಿರಲಿ ಎನ್ನುವವರಿಗೆ ಒಂದು ಮಾತು. ಸಂಘದ ಲೆಕ್ಕ ತೆರೆದಿರಬೇಕು, ಸದಸ್ಯನ ಜೇಬು ತೆರೆದಿರಬಾರದು. ಇವೆರಡನ್ನೂ ಒಂದೇ ಎಂದು ತಿಳಿದದ್ದೇ ನಮ್ಮ ತಪ್ಪು.

ಆ ಪಟ್ಟಿಯನ್ನು ಈಗ ಅಳಿಸಿದ್ದೇವೆ. ಹುಡುಕುಯಂತ್ರದಿಂದಲೂ ತೆಗೆಸಿದ್ದೇವೆ. ಅಷ್ಟರೊಳಗೆ ಅದನ್ನು ಇಳಿಸಿಕೊಂಡವರ ಕೈಯಿಂದ ಮಾತ್ರ ಹಿಂದಕ್ಕೆ ಪಡೆಯಲಾರೆವು. ಆದುದರಿಂದಲೇ ಬಾಂಧವರೇ, ಈ ವಾರವೇ ನಿಮ್ಮ ಹೆಸರನ್ನೂ ನಿಮ್ಮ ಸಂಘದ ಹೆಸರನ್ನೂ ಒಮ್ಮೆ ಫೋನಿನಲ್ಲಿ ಹುಡುಕಿ ನೋಡಿ. ಕಾಣಬಾರದ್ದು ಕಂಡರೆ ನಮ್ಮನ್ನು ಕೇಳಿ, ನಿಮ್ಮ ಸಂಘದ ಆಡಳಿತ ಮಂಡಲಿಯನ್ನೂ ಕೇಳಿ. ಕನಕಪುರದ ಆ ಹುಡುಗಿಯ ಹಾಗೆ ನೇರವಾಗಿಯೇ ಕೇಳಿ.