ಹೆಡ್‌ಸೆಟ್ ಆಮೇಲೆ ಕೊಳ್ಳೋಣ, ಮೊದಲು ಏಣಿ ಮಾಡಿಸಿ

ಮಾನ್ಯ ಮಾಹಿತಿ ತಂತ್ರಜ್ಞಾನ ಸಚಿವರಿಗೆ,

ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ತಂದ ಮೊದಲ ರಾಜ್ಯ ನಮ್ಮದು. ಈಗಿರುವ 2024-29ರ ನೀತಿಯ ಹೆಸರಿಗೆ ‘ಎಕ್ಸ್‌ಆರ್’ ಎಂಬ ಬಾಲವೂ ಸೇರಿದೆ. ಅಂದರೆ ತಲೆಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ವರ್ಚುವಲ್ ರಿಯಾಲಿಟಿ ಆಟಗಳೂ ಸರ್ಕಾರದ ಪ್ರೋತ್ಸಾಹದ ಲೆಕ್ಕಕ್ಕೆ ಬಂದಿವೆ. ಮಲೆನಾಡಿನ ಸಣ್ಣ ಊರೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ನನಗೆ ಉದ್ಯಮದ ಬಗ್ಗೆ ತಿಳಿದಿರುವುದು ಅಷ್ಟಕ್ಕಷ್ಟೆ. ಭಯದ ಬಗ್ಗೆ ಕೊಂಚ ಗೊತ್ತು, ಅದಕ್ಕೇ ಈ ಪತ್ರ.

ಫೋಬಿಯಾ ಎಂದು ಹೇಳಿಕೊಂಡು ನಮ್ಮ ಬಳಿ ಯಾರೂ ಬರುವುದಿಲ್ಲ. ಎಂಆರ್‌ಐ ಯಂತ್ರದೊಳಗೆ ಮಲಗಲಾರದೆ ಎದ್ದು ಬಂದವರನ್ನು ಡಾಕ್ಟರು ಕಳಿಸುತ್ತಾರೆ. ಬೆಂಗಳೂರಿನಲ್ಲಿ ಏಳನೇ ಮಹಡಿಯ ಆಫೀಸು ಸೇರಿದ ಹುಡುಗಿ ಲಿಫ್ಟಿಗೆ ಹೆದರಿ ಕೆಲಸವನ್ನೇ ಬಿಟ್ಟು ಬಂದಿರುತ್ತಾಳೆ. ‘ಅಷ್ಟಕ್ಕೆಲ್ಲ ಹೆದರ್ತಾರಾ’ ಎಂದು ಮನೆಯವರು ಗದರಿಸಿ, ತಾಯತ ಕಟ್ಟಿಸಿ, ಎಲ್ಲ ಮುಗಿದ ಮೇಲೆ ನಮ್ಮ ಸರದಿ.

ಇಂಥ ಭಯಕ್ಕೆ ಮಾತ್ರೆಗಿಂತ ಚೆನ್ನಾಗಿ ಹಿಡಿಯುವ ಚಿಕಿತ್ಸೆ ಎಂದರೆ ಹೆದರುವುದನ್ನೇ ಹಂತಹಂತವಾಗಿ ಎದುರಿಸುವುದು. ಪ್ರತಿಸಲ ತಪ್ಪಿಸಿಕೊಂಡಾಗ ಸಿಗುವ ನಿರಾಳವೇ ಭಯವನ್ನು ಸಾಕುತ್ತದೆ. ಓಡದೆ ನಿಂತರೆ ಎದೆಬಡಿತ ತಾನಾಗಿ ಇಳಿಯುತ್ತದೆ, ಏನೂ ಆಗಲಿಲ್ಲ ಎಂಬುದು ಮೈಗೇ ಅರ್ಥವಾಗುತ್ತದೆ. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪಿ 1950ರ ದಶಕದಲ್ಲೇ ಹಂತಹಂತದ ಈ ದಾರಿಗೆ ಒಂದು ಕ್ರಮ ಹಾಕಿಕೊಟ್ಟರು. ಆದರೆ ನಮ್ಮೂರಿನಲ್ಲಿ ಲಿಫ್ಟೇ ಇಲ್ಲ. ವಿಮಾನಕ್ಕೆ ಹೆದರುವವರನ್ನು ಮತ್ತೆ ಮತ್ತೆ ವಿಮಾನ ಹತ್ತಿಸುವ ದುಡ್ಡು ಯಾರ ಹತ್ತಿರವೂ ಇಲ್ಲ.

ಹೆಡ್‌ಸೆಟ್ ಉಪಯೋಗಕ್ಕೆ ಬರುವುದು ಇಲ್ಲಿಯೇ. 1995ರಲ್ಲಿ ಅಟ್ಲಾಂಟಾದ ಬಾರ್ಬರಾ ರಾಥ್‌ಬಾಮ್ ಮತ್ತು ಲ್ಯಾರಿ ಹಾಡ್ಜಸ್ ಎತ್ತರಕ್ಕೆ ಹೆದರುವ ವಿದ್ಯಾರ್ಥಿಗಳನ್ನು ಕಂಪ್ಯೂಟರಿನೊಳಗಿನ ಸೇತುವೆ, ಬಾಲ್ಕನಿ, ಗಾಜಿನ ಲಿಫ್ಟುಗಳಲ್ಲಿ ನಿಲ್ಲಿಸಿದರು. ಅದೆಲ್ಲ ಸುಳ್ಳೆಂದು ಗೊತ್ತಿದ್ದರೂ ಅಂಗೈ ಬೆವರಿತು, ದಿನ ಕಳೆದಂತೆ ಭಯವೂ ಇಳಿಯಿತು. 2018ರಲ್ಲಿ ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ತಂಡ 100 ಜನರ ಮೇಲೆ ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಅಲ್ಲಿ ಚಿಕಿತ್ಸೆ ಕೊಡುವವರು ಎದುರಿಗೆ ಇರಲೇ ಇಲ್ಲ, ಹೆಡ್‌ಸೆಟ್‌ನೊಳಗಿನ ಕೋಚ್ ಒಬ್ಬಳೇ. ಮರದ ಕೊಂಬೆಯ ತುದಿಯಲ್ಲಿ ಸಿಕ್ಕಿಕೊಂಡ ಬೆಕ್ಕನ್ನು ಇಳಿಸಿ ತರಬೇಕು. ಆಟದ ಗಮ್ಮತ್ತು ಅದೇ, ಬೆಕ್ಕಿನ ಚಿಂತೆಯಲ್ಲಿ ಕಾಲು ತಾನಾಗಿ ಮುಂದೆ ಹೋಗುತ್ತದೆ. ಆಟ ಆಡಿದವರ ಭಯ ಸರಾಸರಿ ಶೇಕಡ 68ರಷ್ಟು ಇಳಿದಿತ್ತು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನವರು ಮೊಬೈಲಿಗೆ ರಟ್ಟಿನ ಕನ್ನಡಕ ಸಿಕ್ಕಿಸಿ ಇದೇ ಕೆಲಸ ಮಾಡಿ ತೋರಿಸಿದರು.

ಇದನ್ನೆಲ್ಲ ಓದಿ ನಾನೂ ಒಂದು ಹೆಡ್‌ಸೆಟ್ ಎರವಲು ತಂದೆ. ಬಂದವರಲ್ಲೊಬ್ಬರು ಅಡಿಕೆ ಕೊನೆಗಾರ. ಮರದಿಂದ ಬಿದ್ದ ಮೇಲೆ ಅವರಿಗೆ ಹಂಚು ಕೈಯಾಡಿಸಲು ಏಣಿ ಹತ್ತುವುದೂ ಆಗುತ್ತಿಲ್ಲ. (ಮರಕ್ಕೆ ಹೆದರುವುದು ಕಾಯಿಲೆಯಲ್ಲ, ಬುದ್ಧಿ. ಅದಕ್ಕೆ ಕಾರ್ಬನ್ ಫೈಬರ್ ದೋಟಿ ಇದೆ. ನಾನು ಹೇಳುತ್ತಿರುವುದು ಏಣಿಯ ಮಾತು.) ಹೆಡ್‌ಸೆಟ್ ಕಟ್ಟಿ ಕೂರಿಸಿದರೆ ಕುರ್ಚಿಯ ಕೈ ಬಿಗಿಹಿಡಿದರು, ಕಾಲ್ಬೆರಳು ಸಿಮೆಂಟ್ ನೆಲವನ್ನು ಕಚ್ಚಿ ಹಿಡಿಯಿತು. ಭಯ ಸರಿಯಾಗಿಯೇ ಎದ್ದಿತ್ತು. ಅಷ್ಟರಲ್ಲಿ ಒಳಗಿನ ದನಿ ಇಂಗ್ಲಿಷಿನಲ್ಲಿ ಏನೋ ಧೈರ್ಯ ಹೇಳಿತು. ಅವರು ಹೆಡ್‌ಸೆಟ್ ಹಣೆಗೆ ಏರಿಸಿ, ‘ಎಂತ ಹೇಳ್ತಾರೆ ಮೇಡಂ? ಇದು ಯಾವ ಊರು?’ ಎಂದರು. ಗಾಜಿನ ಬಹುಮಹಡಿ ಕಟ್ಟಡಗಳ ಊರು, ಯಾವುದೆಂದು ನನಗೂ ಗೊತ್ತಿಲ್ಲ.

ಆದ್ದರಿಂದ, ದಯವಿಟ್ಟು ಮೊದಲೇ ಹೆಡ್‌ಸೆಟ್ ಖರೀದಿಗೆ ಟೆಂಡರ್ ಕರೆಯಬೇಡಿ. ಯಂತ್ರ ಬಂದು ಬೀರು ಸೇರುವುದನ್ನು ನಮ್ಮ ಕಚೇರಿಗಳು ಬೇಕಾದಷ್ಟು ನೋಡಿವೆ. ನಮಗೆ ಬೇಕಿರುವುದು ದೃಶ್ಯಗಳು. ಹಂಚಿನ ಮನೆಯ ಏಣಿ, ಘಟ್ಟದ ತಿರುವಿನ ಬಸ್ಸು, ಕರೆಂಟು ಹೋಗಿ ನಿಂತ ಲಿಫ್ಟು, ಎಂಆರ್‌ಐ ಸುರಂಗ ಮತ್ತು ಅದರ ಡಬಡಬ ಸದ್ದು. ಮಾತು ಕನ್ನಡದಲ್ಲಿರಲಿ, ಕಲಬುರಗಿಯವರಿಗೆ ಅಲ್ಲಿಯದು, ಮಲೆನಾಡಿನವರಿಗೆ ಇಲ್ಲಿಯದು. ನಿಮ್ಮ ನೀತಿಯಡಿ ನೆರವು ಪಡೆಯುವ ಸ್ಟುಡಿಯೋಗಳಿಗೆ ಇದಕ್ಕೆಂದೇ ಒಂದು ಪಾಲು ತೆಗೆದಿಡಿ. ಮಾಡಿದ ಆಟವನ್ನು ನಿಮ್ಹಾನ್ಸ್‌ನಂಥ ಸಂಸ್ಥೆ ರೋಗಿಗಳ ಮೇಲೆ ಪರೀಕ್ಷಿಸಿ ಒಪ್ಪಿದ ಮೇಲಷ್ಟೇ ಕೊನೆಯ ಕಂತು ಬಿಡುಗಡೆಯಾಗಲಿ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ನಿಮ್ಹಾನ್ಸ್ ಮತ್ತು ಬೆಂಗಳೂರಿನ ಟ್ರಿಪಲ್ ಐಟಿ ಕೈಜೋಡಿಸಿದವು, ಹಾಗಾಗಿ ಇಂಥ ಸಹಯೋಗ ನಮಗೆ ಹೊಸದಲ್ಲ. ಒಪ್ಪಿಗೆಯಾದ ಆಟ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮವಾದ ಮನೋಚೈತನ್ಯದ ಮಂಗಳವಾರದ ಕ್ಲಿನಿಕ್ಕುಗಳಿಗೆ ಹೋಗಲಿ. ಆರೋಗ್ಯ ಸಚಿವರೊಡನೆ ನೀವೇ ಮಾತಾಡಬೇಕು, ನಮ್ಮ ಅರ್ಜಿ ಎರಡು ಇಲಾಖೆಗಳ ನಡುವೆ ಓಡಾಡಿ ಸುಸ್ತಾಗುತ್ತದೆ.

ಎಚ್ಚರಿಕೆಯೂ ಬೇಕು. ರಕ್ತ, ಸೂಜಿ ಕಂಡರೆ ಹೆದರುವವರಲ್ಲಿ ಅನೇಕರು ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳುತ್ತಾರೆ. ಅವರಿಗೆ ಮೊದಲು ಮೈ ಬಿಗಿಹಿಡಿಯುವುದನ್ನು ಕಲಿಸಬೇಕು, ಪಕ್ಕದಲ್ಲಿ ಮನುಷ್ಯರು ಇರಲೇಬೇಕು. ಅಪಸ್ಮಾರ ಇದ್ದವರನ್ನು ಡಾಕ್ಟರನ್ನು ಕೇಳದೆ ಕೂರಿಸಬಾರದು. ಇನ್ನು, ರೋಗಿ ತಲೆ ಎತ್ತ ತಿರುಗಿಸಿದ, ಎಲ್ಲಿ ಬೆಚ್ಚಿದ ಎಂಬುದೆಲ್ಲ ಆ ಯಂತ್ರದಲ್ಲಿ ದಾಖಲಾಗುತ್ತದೆ. ಅದು ಆಸ್ಪತ್ರೆಯ ಕೇಸ್ ಶೀಟ್‌ನಷ್ಟೇ ಖಾಸಗಿ, ಕಂಪನಿಯ ಸ್ವತ್ತಲ್ಲ ಎಂದು ಷರತ್ತಿನಲ್ಲೇ ಬರೆಸಿ.

ನೀತಿಯ ಅವಧಿ 2029ಕ್ಕೆ ಮುಗಿಯುತ್ತದೆ. ಆಟ ಕಟ್ಟಿ, ಪರೀಕ್ಷಿಸಿ, ತಿದ್ದಲು ವರ್ಷಗಳೇ ಬೇಕಾದ್ದರಿಂದ ಸ್ಟುಡಿಯೋಗಳಿಗೆ ಅರ್ಜಿ ಆಹ್ವಾನ ಈ ಬಜೆಟ್ ವರ್ಷದಲ್ಲೇ ಹೊರಡಬೇಕು. ಸ್ಟುಡಿಯೋದ ಹುಡುಗರು ಬಂದು ನಮ್ಮ ಕ್ಲಿನಿಕ್ಕಿನಲ್ಲಿ ಒಂದು ವಾರ ಕೂರಲಿ. ಏಣಿಗೆ ಎಷ್ಟು ಮೆಟ್ಟಿಲಿರಬೇಕು, ಯಾವ ಮೆಟ್ಟಿಲಿನಲ್ಲಿ ಕಾಲು ನಡುಗುತ್ತದೆ ಎಂದು ಕೊನೆಗಾರರೇ ಹೇಳಿಕೊಡುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಆಪ್ತಸಮಾಲೋಚಕಿ