ಲಾವಕ್ಕಿ ಗೂಡಿನಲ್ಲಿ ಮೆಂಡಲನ ಪಾಠ

ಕೋಳಿ ಸಾಕುವ ಮನೆಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಕಡೆ ಲಾವಕ್ಕಿಯೂ ಕಾಣಸಿಗುತ್ತದೆ. ಕಂದು, ಹೊಂಬಣ್ಣ, ಬಿಳಿ ಎಂದು ಬಗೆಬಗೆಯ ಹಕ್ಕಿಗಳನ್ನು ತಂದ ಮಕ್ಕಳಿಗೆ ಎರಡು ಪ್ರಶ್ನೆಗಳು ಏಳುವುದು ಸಹಜ. ಇವು ಬೇರೆ ಬೇರೆ ಜಾತಿಯವೇ? ಒಂದರೊಡನೆ ಒಂದನ್ನು ಕೂಡಿಸಿದರೆ ಎಂಥ ಮರಿಗಳು ಬರುತ್ತವೆ? ಈ ವಾರ ಇವೆರಡನ್ನೂ ವಿಚಾರಿಸೋಣ.

ಫಾರಂಗಳಲ್ಲಿ ಮಾರುವ ಲಾವಕ್ಕಿ ಜಪಾನ್ ಲಾವಕ್ಕಿ. ಶಾಸ್ತ್ರೀಯ ಹೆಸರು ಕಾಟರ್ನಿಕ್ಸ್ ಜಪಾನಿಕಾ. 1974ರಲ್ಲಿ ಇದನ್ನು ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತರಲಾಯಿತು. ಕೊಟ್ಟಿಗೆಯಲ್ಲಿ ಕರಿ ಹಸು, ಬಿಳಿ ಹಸು ಇದ್ದರೂ ಜಾತಿ ಒಂದೇ ಅಲ್ಲವೇ? ಹಾಗೆಯೇ ಇಲ್ಲೂ ಬಣ್ಣ ಹಲವು, ಜಾತಿ ಒಂದೇ.

ನಮ್ಮ ಹೊಲ, ಕುರುಚಲು ಕಾಡುಗಳ ಲಾವಕ್ಕಿಗಳು ಮಾತ್ರ ನಿಜಕ್ಕೂ ಬೇರೆ. ಮಳೆ ಲಾವಕ್ಕಿಯ ಗಂಡಿಗೆ ಎದೆಯ ಮೇಲೆ ಕಪ್ಪು ಮಚ್ಚೆ ಇರುತ್ತದೆ. ಪೊದೆ ಲಾವಕ್ಕಿಯ ಗಂಡಿಗೆ ಎದೆ ಹೊಟ್ಟೆಗಳ ಮೇಲೆ ಕಪ್ಪು ಬಿಳಿ ಅಡ್ಡಪಟ್ಟೆಗಳು. ಚಳಿಗಾಲದಲ್ಲಿ ವಲಸೆ ಬರುವ ಸಾಮಾನ್ಯ ಲಾವಕ್ಕಿಯಂತೂ ಜಪಾನ್ ಲಾವಕ್ಕಿಯ ಹತ್ತಿರದ ಬಂಧು. ಇವನ್ನು ನೋಡಿ, ಕೂಗು ಕೇಳಿ, ಟಿಪ್ಪಣಿ ಮಾಡಿಕೊಳ್ಳಿ, ಹಿಡಿಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಕೂಡಿಸುವ ಮೊದಲು

ಕಂದು ಬಣ್ಣದ ಜಪಾನ್ ಲಾವಕ್ಕಿಯಲ್ಲಿ ಗಂಡು ಹೆಣ್ಣು ತಿಳಿಯುವುದು ಸುಲಭ. ಸುಮಾರು ಮೂರು ವಾರಕ್ಕೆ ಗಂಡಿನ ಎದೆ ಇಟ್ಟಿಗೆಗೆಂಪಾಗಿ ಕಲೆಯಿಲ್ಲದೆ ಇರುತ್ತದೆ. ಹೆಣ್ಣಿನ ಎದೆ ಮಾಸಲು ಬಣ್ಣ, ಮೇಲೆ ಕಪ್ಪು ಚುಕ್ಕೆಗಳು. ಆರೇಳು ವಾರಕ್ಕೆ ಮೊಟ್ಟೆ ಶುರು. ಒಂದು ಗಂಡಿಗೆ ಎರಡು ಮೂರು ಹೆಣ್ಣು ಸಾಕು. ಸಾಕಿದ ಲಾವಕ್ಕಿ ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಮೊಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲಿ ಇಡಬೇಕು. 17-18 ದಿನಕ್ಕೆ ಮರಿ.

ಒಂದು ಎಚ್ಚರಿಕೆ. ಹೆಣ್ಣಿನ ದೇಹದಲ್ಲಿ ಹಿಂದಿನ ಗಂಡಿನ ವೀರ್ಯ ಹಲವು ದಿನ ಉಳಿಯುತ್ತದೆ. ಗಂಡನ್ನು ಬದಲಿಸುವ ಮುನ್ನ ಹೆಣ್ಣನ್ನು ಎರಡು ಮೂರು ವಾರ ಒಂಟಿಯಾಗಿಡದಿದ್ದರೆ ಮರಿಯ ತಂದೆ ಯಾರೆಂದು ಹೇಳಲಾಗದು.

ಕಾಣೆಯಾದ ಕಾಲು ಭಾಗ

ಹೊಂಬಣ್ಣದಲ್ಲಿ ವಿಜ್ಞಾನಿಗಳು 'ಯೆಲ್ಲೋ' ಎಂದು ಕರೆಯುವ ವಂಶವಾಹಿಯೊಂದಿದೆ. ಇದು ಪ್ರಬಲ, ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಹಕ್ಕಿ ಹೊಂಬಣ್ಣ ತಾಳುತ್ತದೆ. ಹೊಂಬಣ್ಣದ ಎರಡು ಹಕ್ಕಿಗಳನ್ನು ಕೂಡಿಸಿದರೆ ಮೆಂಡಲನ ಲೆಕ್ಕದಂತೆ ಹೊಂಬಣ್ಣ ಮೂರು, ಕಂದು ಒಂದು ಎಂಬ ಪ್ರಮಾಣ ಬರಬೇಕು. ಆದರೆ ಗೂಡಿನಲ್ಲಿ ಕಾಣುವುದು ಎರಡಕ್ಕೆ ಒಂದು! ಉಳಿದವು ಎಲ್ಲಿ ಹೋದವು?

ಈ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ. ಹಳದಿ ಇಲಿಗಳಲ್ಲಿ ಇಂಥದೇ ವಿಚಿತ್ರ ಪ್ರಮಾಣವನ್ನು ಫ್ರಾನ್ಸಿನ ಲೂಸಿಯೆನ್ ಕ್ಯುಯೆನೊ 1905ರಲ್ಲೇ ಗಮನಿಸಿದ್ದ.

ಈಗ ಲೆಕ್ಕ ಹಾಕಿ. ಫಲಿತವಾದ 40 ಮೊಟ್ಟೆಗಳಲ್ಲಿ ಸರಾಸರಿ 20 ಹೊಂಬಣ್ಣ, 10 ಕಂದು, 10 ಸಾವು. ಹೊಂಬಣ್ಣದ ಹಕ್ಕಿಯನ್ನು ಕಂದು ಹಕ್ಕಿಯೊಡನೆ ಕೂಡಿಸಿದರೆ 20 ಹೊಂಬಣ್ಣ, 20 ಕಂದು. ಈ ವಂಶವಾಹಿಯಿಂದ ಒಂದೂ ಸಾಯುವುದಿಲ್ಲ. ಅಂದರೆ ಹೊಂಬಣ್ಣಕ್ಕೆ ಹೊಂಬಣ್ಣ ಸೇರಿಸಿದರೆ ಒಂದು ಹೊಂಬಣ್ಣದ ಮರಿಯೂ ಹೆಚ್ಚಾಗುವುದಿಲ್ಲ, ಹತ್ತು ಜೀವ ವ್ಯರ್ಥ. ಪಂಜರಕ್ಕೆ ಕೈ ಹಾಕುವ ಮೊದಲು ಪೆನ್ಸಿಲು ಹಿಡಿಯಬೇಕೆನ್ನುವುದು ಇದಕ್ಕೇ.

ಬಣ್ಣ ನೋಡಿ ಲಿಂಗ ಹೇಳಿ

ಮನುಷ್ಯರಲ್ಲಿ ಗಂಡು ಎಕ್ಸ್‌ವೈ, ಹೆಣ್ಣು ಎಕ್ಸ್‌ಎಕ್ಸ್. ಹಕ್ಕಿಗಳಲ್ಲಿ ಇದು ತಿರುಗುಮುರುಗು: ಗಂಡು ಝಡ್‌ಝಡ್, ಹೆಣ್ಣು ಝಡ್‌ಡಬ್ಲ್ಯು. ಲಾವಕ್ಕಿಯ ಸಿನಮನ್, ಅಂದರೆ ದಾಲ್ಚಿನ್ನಿ ಬಣ್ಣದ ವಂಶವಾಹಿ ಝಡ್ ವರ್ಣತಂತುವಿನ ಮೇಲಿದೆ, ಅದು ದುರ್ಬಲ. ದಾಲ್ಚಿನ್ನಿ ಗಂಡಿಗೆ ಕಂದು ಹೆಣ್ಣನ್ನು ಕೂಡಿಸಿದರೆ ಹೆಣ್ಣುಮರಿಗಳೆಲ್ಲ ತಂದೆಯ ಬಣ್ಣ, ಗಂಡುಮರಿಗಳೆಲ್ಲ ತಾಯಿಯ ಬಣ್ಣ. ಮೂರು ವಾರ ಕಾಯಬೇಕಿಲ್ಲ. ಹುಟ್ಟಿದ ದಿನವೇ ತುಪ್ಪಳ ನೋಡಿ ಗಂಡು ಹೆಣ್ಣು ಹೇಳಬಹುದು.

ಪೋಷಕರಿಗೆ ಎರಡು ಮಾತು

ಒಂದೇ ತಾಯಿಯ ಮಕ್ಕಳನ್ನು ತಲೆಮಾರು ತಲೆಮಾರು ಕೂಡಿಸಲು ಬಿಡಬೇಡಿ. ಲಾವಕ್ಕಿ ಒಳಸಂಬಂಧವನ್ನು ತಾಳದ ಹಕ್ಕಿ. ಕೆಲವೇ ತಲೆಮಾರಿನಲ್ಲಿ ಮರಿಯಾಗುವುದೇ ಕುಸಿಯುತ್ತದೆ. ಹೊಸ ಗಂಡನ್ನು ಹೊರಗಿನಿಂದ ತನ್ನಿ.

ಎರಡನೆಯದು ಇನ್ನೂ ಮುಖ್ಯ. ಮರಿ ಹೆಚ್ಚಾದರೆ, ಗಂಡುಗಳು ಕಾದಾಡಿದರೆ, 'ಪಾಪ, ಹಾರಿಹೋಗಲಿ' ಎಂದು ಹೊಲಕ್ಕೆ ಬಿಡಬೇಡಿ. ಯುರೋಪಿನಲ್ಲಿ ಬೇಟೆಗೆಂದು ಬಿಟ್ಟ ಇಂಥ ಹಕ್ಕಿಗಳು ಅಲ್ಲಿಯ ಸಾಮಾನ್ಯ ಲಾವಕ್ಕಿಯೊಡನೆ ಕೂಡಿ ಮಿಶ್ರ ಸಂತತಿ ಹುಟ್ಟಿದೆ. ಆ ಸಂತತಿಗೂ ಮರಿಗಳಾಗುತ್ತವೆ. ಸಾಕಿದ ಹಕ್ಕಿಯಲ್ಲಿ ವಲಸೆಯ ತುಡಿತ ಬಹುಮಟ್ಟಿಗೆ ಉಡುಗಿದೆ. ಆ ಗುಣ ಕಾಡಿನ ರಕ್ತಕ್ಕೆ ಸೇರಿದರೆ ಸಾವಿರಾರು ಮೈಲಿ ಹಾರುವ ಹಕ್ಕಿಯ ಗತಿಯೇನು? ಅದೇ ಸಾಮಾನ್ಯ ಲಾವಕ್ಕಿ ನಮ್ಮ ಹೊಲಗಳಿಗೂ ಬರುತ್ತದೆ. ಆದ್ದರಿಂದ ಎಷ್ಟು ಮರಿ ಸಾಕಬಲ್ಲಿರಿ, ಉಳಿದವನ್ನು ಯಾರಿಗೆ ಕೊಡುವಿರಿ ಎಂದು ಮಕ್ಕಳೊಡನೆ ಕೂತು ಗೊತ್ತುಮಾಡಿ, ಅಷ್ಟೇ ಮೊಟ್ಟೆ ಕಾವಿಗಿಡಿ.

ಈ ವಾರದ ಲೆಕ್ಕ: ಶುದ್ಧ ಕಂದು ಗಂಡಿಗೆ ದಾಲ್ಚಿನ್ನಿ ಹೆಣ್ಣನ್ನು ಕೂಡಿಸಿದರೆ ಬಣ್ಣದಿಂದ ಮರಿಗಳ ಲಿಂಗ ಹೇಳಬಹುದೇ?

ಉತ್ತರ: ಆಗದು, ಮರಿಗಳೆಲ್ಲ ಕಂದು. ಏಕೆಂದು ಝಡ್, ಡಬ್ಲ್ಯು ಬರೆದು ನೀವೇ ಕಂಡುಕೊಳ್ಳಿ.