ಹುಟ್ಟುವ ಮುನ್ನವೇ ಅಗಲುವ ಕಂದಮ್ಮಗಳು

ಆಸ್ಪತ್ರೆ ಸೇರಿದರೆ ತಾಯಿ-ಮಗು ಕ್ಷೇಮವೆಂದು ನಾವು ನಂಬಿದ್ದೇವೆ. ಈ ನಂಬಿಕೆ ಸರಿ, ಆದರೆ ಸಾಲದು. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಶಿಶುಗಳು 28 ವಾರ ತುಂಬಿದ ಮೇಲೂ ಮೃತವಾಗಿ ಜನಿಸಿದವು. ಅವುಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜೀವ ಬಿಟ್ಟದ್ದು ಹೆರಿಗೆ ನೋವು ಆರಂಭವಾದ ಮೇಲೆ.

ಕಾರಣಗಳು ನಿಗೂಢವಲ್ಲ. ದಾವಣಗೆರೆ ಹಾಗೂ ಕರಾಚಿಯ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು, ಗರ್ಭದಲ್ಲಿ ಶಿಶುವಿಗೆ ಆಮ್ಲಜನಕ ಸಾಲದಿರುವುದೇ ಮುಖ್ಯ ಕಾರಣವೆಂದು ಗುರುತಿಸಿತು. ತಾಯಿಯ ಅಧಿಕ ರಕ್ತದೊತ್ತಡ, ಮಾಸು ಮೊದಲೇ ಕಳಚುವುದು, ಕುಂಠಿತ ಬೆಳವಣಿಗೆ ಇವು ಆ ಕೊರತೆಗೆ ದಾರಿ ಮಾಡುತ್ತವೆ. ತೀವ್ರ ರಕ್ತಹೀನತೆ, ಮಧುಮೇಹ, ಸೋಂಕುಗಳೂ ಅಪಾಯವನ್ನು ಹೆಚ್ಚಿಸುತ್ತವೆ.

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಇದಕ್ಕೆ ದೂರವೂ ಸೇರುತ್ತದೆ. ಹೆರಿಗೆ ತೊಡಕಾಗಿ ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬೇಕಾದರೆ ಹುಮನಾಬಾದಿನಿಂದ ಸುಮಾರು 50, ಬಸವಕಲ್ಯಾಣದಿಂದ ಸುಮಾರು 80 ಕಿಲೋಮೀಟರ್. ನೋವು ಬಂದ ಮೇಲೆ ಅಪಾಯ ತಿಳಿದರೆ ಆ ಹಾದಿಯೇ ಮುಳುವಾದೀತು. ಮೊದಲೇ ತಿಳಿದರೆ ಹೆರಿಗೆಯ ಸ್ಥಳವನ್ನು ಮುಂಚೆಯೇ ಗೊತ್ತುಮಾಡಬಹುದು.

ಮೃತಜನನವನ್ನು 2030ರೊಳಗೆ ಸಾವಿರಕ್ಕೆ 10ಕ್ಕಿಂತ ಕೆಳಗಿಳಿಸುವ ಗುರಿಯನ್ನು ಭಾರತ 2014ರಲ್ಲಿ ಇಟ್ಟುಕೊಂಡಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹಗಲಿರುಳೂ ತಜ್ಞರು, ರಕ್ತ, ಶಸ್ತ್ರಚಿಕಿತ್ಸೆಯ ಸೌಕರ್ಯ ಇರಬೇಕೆಂದು ಕೇಳುವುದು ನಮ್ಮ ಹಕ್ಕು. ಬಸುರಿಯನ್ನು ಪ್ರತಿ ತಪಾಸಣೆಗೂ ಕರೆದೊಯ್ಯುವುದು, ಮಗುವಿನ ಮಿಸುಕಾಟ ಕಡಿಮೆಯಾದರೆ ಆ ಕ್ಷಣವೇ 108ಕ್ಕೆ ಕರೆ ಮಾಡುವುದು ನಮ್ಮ ಹೊಣೆ.

ಇಷ್ಟಾಗಿಯೂ ಮಡಿಲು ಬರಿದಾದರೆ ಸೊಸೆಯನ್ನು ದೂರದಿರೋಣ. ಆ ಕಂದನಿಗಾಗಿ ಅಳುವ ತಾಯಿಯ ಬಳಿ ಧರ್ಮಕೇಂದ್ರದ ಕುಟುಂಬಗಳೆಲ್ಲ ನಿಲ್ಲಬೇಕು. ಮುಂದಿನ ಬಸಿರಿನಲ್ಲಿ ಅವಳನ್ನು ಮೊದಲ ತಿಂಗಳಿಂದಲೇ ವೈದ್ಯರಿಗೆ ತೋರಿಸಬೇಕು.